ನೀರಿನ ಲೆಕ್ಕ ಯಾರ ತಲ್ಯಾಗ ಐತಿ?

ನೀರ ಬಂದಿತ್ತೇನ್ರಿ ವೈನೀ ರಾತ್ರಿ? ನಮಗ ಗೊತ್ತ ಆಗಲಿಲ್ಲ ನೋಡ್ರಿ. ಮುಂಜಾನೆ ಎದ್ದು ಹೌದಿನ ಮುಚ್ಚಳ ಸರಿಸಿ ನೋಡಿದ್ರ ತಳದಾಗ ಒಂದು ಗೇಣು ನೀರು.

"ಬಂದಿತ್ತಲ್ರಿ ಅಕ್ಕಾರ, ಮೂರೂವರಿ ಸುಮಾರ. ಐದಕ್ಕ ಹೋತು. ನಾ ಎದ್ದು ಮೋಟರ್ ಹಚ್ಚೋದ್ರಾಗ ಅರ್ಧಾ ಹೊತ್ತು ಹೋತು. ಮೊದಲಿನ ವಾಲ್‌ಮನ್ ಇದ್ದಾಗ ಹಿಂಗ ಇರಲಿಲ್ರಿ. ಏರಿ ಮ್ಯಾಲಿನ ನಮಗ ಮೊದಲ ಬಿಟ್ಟು, ನಮ್ಮ ಟಾಕಿ ತುಂಬಿದ ಮ್ಯಾಲೆ ಕೆಳಗಿನವ್ರಿಗೆ ಬಿಡ್ತಿದ್ದ. ಈಗಿನ ಹುಡುಗ ಎರಡೂ ಕೂಡೇ ಬಿಡ್ತಾನ. ನೀರು ಇಳಕಲಿಗೆ ಓಡ್ತೈತಿ, ನಮಗ ಬರೀ ಗಾಳಿ."

ಆ ಹುಡುಗಂದೇನು ತಪ್ಪು ಹೇಳ್ರಿ? ಅವಗ ಯಾರು ಹೇಳಿಕೊಟ್ಟಾರ? ಚಾವಿ ಕೈಯಾಗ ಕೊಟ್ಟು ಹೋಗು ಅಂದ್ರು, ಅಂವ ಹೋದ. ಹಳಬನ ತಲ್ಯಾಗ ಇದ್ದದ್ದು ಹಳಬನ ಕೂಡ ಮನಿಗೆ ಹೋತು. ಈ ಮಾತು ಭಾಳ ದಿನದಿಂದ ನನ್ನ ಮನಸಿನ್ಯಾಗ ಕೊರಿಯಾಕತ್ತೈತ್ರಿ. ನಂದು ಇಡೀ ನೌಕರಿ ಲೈಬ್ರರಿಯಾಗ, ಪುಸ್ತಕ, ಕಾಗದ ಜ್ವಾಪಾನ ಮಾಡೋದ್ರಾಗ ಕಳೀತು. ಅದಕ್ಕ ಇರಬೇಕು, ಒಬ್ಬ ಮನಷ್ಯಾ ಕೆಲಸ ಬಿಟ್ಟು ಹೊಂಟಾಗ ಅವನ ಕೂಡ ಏನೇನು ಹೊಂಟಿತು ಅಂತ ಕಣ್ಣು ಆ ಕಡೆನ ಹೋಗ್ತೈತಿ.

ವೈನೀ, ಆ ಹಳಬ ಕೆಲಸ ಮಾಡೋದನ್ನ ನೀವು ಹಂತ್ಯಾಕ ನಿಂತು ನೋಡೀರೇನ್ರಿ? ನಾ ನೋಡೀನಿ. ರಸ್ತೆ ನಡುವಿನ ಚೇಂಬರಿನ ಮುಚ್ಚಳ ಹಾರಿ ಹಚ್ಚಿ ಎಬ್ಬಸ್ತಿದ್ದ. ಒಳಗ ಕೆಸರು ತುಂಬಿದ್ರ ಕೈಲೇ ತೋಡಿ ಹಾಕ್ತಿದ್ದ. ಆಮ್ಯಾಲೆ ಎದಿ ಮಟ್ಟದ ಕಬ್ಬಿಣದ ಚಾವಿ ಇಳಿಸಿ ತಿರುವಾಕ ಶುರು, ಬಾಯಾಗ ಎಣಿಕಿ. ನಡುವ ನಿಲ್ಲಿಸಿ ಚಾವಿಯ ತುದಿಗೆ ಕಿವಿ ಹಚ್ಚಿ ಕೇಳ್ತಿದ್ದ. ಪೈಪಿನ್ಯಾಗ ಮೊದಲ ಗಾಳಿ ಹೊಂಡ್ತೈತಿ, ಸುಂಯ್ ಅಂತ. ಗಾಳಿ ಹೋಗಿ ನೀರು ತುಂಬಿದ ಮ್ಯಾಲೆ ದನಿ ಬದಲಾಗ್ತೈತಿ. ಆ ದನಿ ಕೇಳಿದ ಮ್ಯಾಲೆನ ಉಳಿದದ್ದು ಬಿಡ್ತಿದ್ದ. ಗಾಳಿ ಹೋಗೋಕಿಂತ ಮೊದಲ ಒಮ್ಮೆಲೇ ಬಿಟ್ರ ಹಳೇ ಪೈಪು ಜೋಡಿನ್ಯಾಗ ಬಿಚ್ಚಿಕೊಂಡು ರಸ್ತೆ ತುಂಬ ನೀರು. ಮೂಲಿ ವಾಲ್ವ್ ಮಾತ್ರ ಅಂವ ಎಂದೂ ಪೂರಾ ಬಿಡ್ತಿರಲಿಲ್ಲ. ಯಾಕೋ ಅಂತ ಕೇಳಿದ್ದೆ. "ಕೆಳಗಿನ ಓಣ್ಯಾಗ ಹಳೇ ಸಿಮೆಂಟಿನ ಪೈಪು ಐತ್ರಿ ಅಕ್ಕಾರ, ಜೋರು ತಡಿಯೋದಿಲ್ಲ" ಅಂದ. ಗುಡಿ ಹಿಂದಿನ ವಾಲ್ವ್ ಉಲ್ಟಾ ತಿರಗತೈತಿ, ಹೊಸಬರು ಬಂದ್ ಮಾಡಾಕ ಹೋಗಿ ಪೂರಾ ಬಿಟ್ಟು ಬರ್ತಾರ ಅಂತನೂ ಹೇಳಿದ್ದ. ಈಗ ಇಷ್ಟೂ ಮಾತು ಯಾವ ಕಾಗದದಾಗ ಸಿಗಬೇಕ್ರಿ?

ದೊಡ್ಡ ದೊಡ್ಡ ಸಂಗತಿ ಎಲ್ಲಾ ಕಾಗದದಾಗ ಅದಾವ. ಸವದತ್ತಿ ಹಂತ್ಯಾಕ ನವಿಲುತೀರ್ಥದ ಆಣೆಕಟ್ಟಿನಿಂದ ಮಲಪ್ರಭಾ ನೀರು ಅಮ್ಮಿನಬಾವಿಗೆ ಬಂದು ಶುದ್ಧ ಆಗ್ತೈತಿ. ಕಲಘಟಗಿ ಕಡೆ ನೀರಸಾಗರದ ನೀರು ಕಣವಿಹೊನ್ನಾಪುರದಾಗ ಶುದ್ಧ ಆಗ್ತೈತಿ. ಎಷ್ಟು ಇಂಚಿನ ಪೈಪು, ಎಷ್ಟು ತಾಕತ್ತಿನ ಪಂಪು, ಯಾವ ಗುಡ್ಡದ ಮ್ಯಾಲೆ ಎಷ್ಟು ದೊಡ್ಡ ಟಾಕಿ, ಎಲ್ಲಾ ನಕಾಶೆದಾಗ ಐತಿ. ಓಣಿ ಓಣಿಗೆ ಇಳಿಯೋ ಹೊತ್ತಿಗೆ ಮಾತ್ರ ನಕಾಶೆಕ್ಕಿಂತ ನೀರು ಬಿಡೋರ ನೆನಪು ಹೆಚ್ಚು ಕೆಲಸ ಮಾಡ್ತೈತಿ. ದಿನಾ 24 ತಾಸು ನೀರು ಬರೋ ಊರಾಗ ವಾಲ್ವ್‌ನ ಕೆಲಸ ಕಡಿಮಿ. ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಹಂಚಿ ಬಿಡೋ ನಮ್ಮಂಥ ಊರಾಗ ಆ ಹಂಚಿಕಿನ ಊರಿನ ನೀರು. ಹಂಚಾಂವಗ ಗೊತ್ತಿದ್ದದ್ದನ್ನ ಊರು ಬರದಿಟ್ಟುಕೊಳ್ಳಲಿಲ್ಲ.

ಮ್ಯಾಲಿಂದ ಈ ನೀರಿನ ಕಾರಭಾರ ಕೈ ಬದಲಾಯಿಸ್ಕೋತ ಬಂದೈತಿ. 1962ರಾಗ ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದು ಮಹಾನಗರ ಪಾಲಿಕೆ ಆತು. ಆಮ್ಯಾಲೆ ನೀರು ಪಾಲಿಕೆ ಕೈಯಿಂದ ಜಲಮಂಡಳಿಗೆ ಹೋತು. 2008ರಾಗ ವಿಶ್ವಬ್ಯಾಂಕಿನ ಸಾಲದ ಯೋಜನೆಯೊಳಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಯ ಕೆಲವು ವಾರ್ಡಿಗೆ 24 ತಾಸು ನೀರು ಬಂತು, ಅಲ್ಲಿಯ ನಿರ್ವಹಣೆ ಒಂದು ಖಾಸಗಿ ಕಂಪನಿ ಕೈಗೆ. 2022ರಾಗ ಇಡೀ ಊರಿನ ನೀರಿನ ನಿರ್ವಹಣೆ ಇನ್ನೊಂದು ಕಂಪನಿಗೆ ಹೋತು, ಜಲಮಂಡಳಿಯೊಳಗ ಗುತ್ತಿಗೆ ಮ್ಯಾಲೆ ದುಡೀತಿದ್ದ ಮಂದಿ ಕೆಲಸ ಕಳಕೊಂಡು ಧರಣಿ ಕುಂತ್ರು. ಪ್ರತಿ ಸಲ ಕೈ ಬದಲಾದಾಗ ಏನೇನು ಒಪ್ಪಸ್ತಾರ್ರಿ? ಪಂಪು, ಟಾಕಿ, ಪೈಪು, ಮೀಟರು, ಬಾಕಿ ಪಟ್ಟಿ. ಎಲ್ಲಾದಕ್ಕೂ ಸಹಿ ಆಗ್ತೈತಿ. ಉಲ್ಟಾ ತಿರಗೋ ವಾಲ್ವಿಗೆ ಯಾರು ಸಹಿ ಮಾಡ್ತಾರ?

"ಅಲ್ರಿ ಅಕ್ಕಾರ, ಹಂಗಾರ ಹಿಂದ ಮೊಬೈಲಿಗೆ ಮೆಸೇಜ್ ಬರ್ತಿತ್ತಲ್ಲ? ಇನ್ನ ಅರ್ಧಾ ತಾಸಿನ್ಯಾಗ ನಿಮ್ಮ ಓಣಿಗೆ ನೀರು ಅಂತ. ಅದು ಹೆಂಗ ಗೊತ್ತಾಗ್ತಿತ್ತು ಅವ್ರಿಗೆ?"

ನೆನಪ ಇಟ್ಟೀರಿ ನೋಡ್ರಿ. ಅದರ ಹೆಸರು ನೆಕ್ಸ್ಟ್‌ಡ್ರಾಪ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಾಗ ಕಲಿತಿದ್ದ ಹುಡುಗ-ಹುಡುಗ್ಯಾರು ಬಂದು 2011ರ ಸುಮಾರ ನಮ್ಮ ಹುಬ್ಬಳ್ಳಿಯಾಗನ ಶುರು ಮಾಡಿದ್ದು. ಅವ್ರು ಪೈಪಿನ್ಯಾಗ ಯಾವ ಯಂತ್ರನೂ ಕೂಡಸಲಿಲ್ಲ. ನೀರು ಯಾವಾಗ ಬರ್ತೈತಿ ಅಂತ ಊರಾಗ ಖಾತ್ರಿಯಾಗಿ ಗೊತ್ತಿದ್ದಾಂವ ವಾಲ್‌ಮನ್ ಒಬ್ಬನ, ಅವನ್ನ ಕೇಳೂಣು ಅಂದ್ರು. ಅಂವ ವಾಲ್ವ್ ಬಿಡೋ ಮುಂದ ಒಂದು ನಂಬರಿಗೆ ಫೋನ್ ಹಚ್ಚಿ, ಇಂಥಾ ವಾಲ್ವ್ ಬಿಟ್ಟೆ ಅಂತ ಗುಂಡಿ ಒತ್ತಿ ತಿಳಿಸ್ಬೇಕು. ಆ ವಾಲ್ವಿನ ಕೆಳಗ ಯಾವ್ಯಾವ ಮನಿ ಬರ್ತಾವ ಅನ್ನೋದು ಕಂಪ್ಯೂಟರಿನ್ಯಾಗ ಮೊದಲ ಗುರುತು ಮಾಡಿಟ್ಟಿರ್ತಿತ್ತು. ಆ ಮನಿಗಳಿಗಷ್ಟ ಮೆಸೇಜ್ ಹೋಗ್ತಿತ್ತು. ದಿನಗೂಲಿ ಮ್ಯಾಲೆ ಹೋಗೋ ಹೆಣ್ಣಮಕ್ಕಳು ನೀರಿನ ದಾರಿ ಕಾಯ್ಕೋತ ಒಂದು ದಿನದ ಪಗಾರ ಕಳಕೊಳ್ಳೋದು ಯಾವ ಲೆಕ್ಕದಾಗೂ ಬರೋದಿಲ್ಲ. ಅಂಥಾವ್ರಿಗೆ ಆ ಒಂದು ಮೆಸೇಜ್ ಎಷ್ಟು ದೊಡ್ಡದು ಹೇಳ್ರಿ. ಎಂಜಿನಿಯರಿಗೂ ಮೊದಲ ಸಲ ಆಫೀಸಿನ್ಯಾಗ ಕುಂತು, ಇವತ್ತ ಯಾವ ಓಣಿಗೆ ಬಿಟ್ಟಾರ, ಯಾವುದು ತಪ್ಪೈತಿ ಅಂತ ಕಾಣ್ತಿತ್ತು.

ನನಗ ಅದರಾಗ ಭಾಳ ಸೇರಿದ್ದು ಏನಂದ್ರ, ಒಂದು ವಾಲ್ವಿಗೂ ಒಂದು ಮನಿಗೂ ಇರೋ ಸಂಬಂಧ ಮೊದಲ ಸಲ ಒಬ್ಬನ ತಲಿ ಬಿಟ್ಟು ಹೊರಗ ಬಂತು. ಅಂಥಾದ್ದು ಒಮ್ಮೆ ಬರದಿಟ್ರ ಹತ್ತು ಕೆಲಸಕ್ಕ ಬರ್ತೈತಿ. ಎಲ್ಲೆರೆ ಪೈಪು ಒಡದು ಗಟಾರ ನೀರು ಕೂಡಿತು ಅನ್ರಿ, ಯಾವ್ಯಾವ ಮನಿಯವ್ರಿಗೆ ನೀರು ಕುಡಿಬ್ಯಾಡ್ರಿ ಅಂತ ಹೇಳಬೇಕು ಅಂತ ಆ ಕ್ಷಣಕ್ಕ ಗೊತ್ತಾಗ್ತೈತಿ. ಹೊಸಾ ಪೈಪು ಹಾಕೋವಾಗ, ಎಲ್ಲಿ ತಾಕತ್ತು ಕಡಿಮಿ ಐತಿ ಅಂತ ನೋಡೋವಾಗ, ಅದ ಮಾಹಿತಿ ಮತ್ತ ಬೇಕು.

"ಹಂಗಾರ ಯಾಕ ನಿಂತು ಹೋತ್ರಿ?"

ಅವ್ರು ಬೆಂಗಳೂರಿಗೆ ಹೋದ್ರು. ಅಲ್ಲಿ ಏನಾತು ಅನ್ನೋದನ್ನ ಬರ್ಕ್ಲಿಯ ಅಧ್ಯಯನಕಾರರು ಕೂಲಂಕಷ ನೋಡಿ 2018ರಾಗ ಬರದಾರ. ಎಷ್ಟೋ ವಾಲ್‌ಮನ್‌ಗಳು ಫೋನ್ ಹಚ್ಚೋದನ್ನ ತಪ್ಪಸ್ತಿದ್ರು. ವಾಲ್ವ್ ಬಿಟ್ಟ ಸುದ್ದಿ ಬರದಿದ್ರ ಮಂದಿಗೆ ಮೆಸೇಜೂ ಹೋಗೋದಿಲ್ಲ. ಸೋಮಾರಿತನ ಅಂತ ಹೇಳಿ ಕೈ ತೊಳಕೊಳ್ಳೋದು ಸಲೀಸಿತ್ತು, ಆದ್ರ ಅಧ್ಯಯನಕಾರರು ಹಂಗ ಮಾಡ್ಲಿಲ್ಲ, ವಾಲ್‌ಮನ್‌ಗಳ ಕೂಡ ತಿರಗಾಡಿ ನೋಡಿದ್ರು. ಅವ್ರಿಗೆ ಕಂಡದ್ದು ಮನಿ ಹೊರಿ. ಮಕ್ಕಳು, ಸಾಲ, ಪಗಾರ ಸಾಲದ ಬ್ಯಾರೆ ದುಡಿಮಿ. ಅದರ ಮ್ಯಾಲೆ ಇನ್ನೊಂದು ಕೆಲಸ ಹೇರಿದ್ರ, ಅದರಿಂದ ಅವ್ರಿಗೆ ಏನೂ ಹುಟ್ಟೋದಿಲ್ಲ ಅಂದ್ರ, ಅದು ಹಿಂದ ಉಳೀತೈತಿ.

"ಮತ್ತ ರೊಕ್ಕ ಕೊಡಬೇಕಿತ್ತಲ್ರಿ? ಒಂದು ಫೋನಿಗೆ ಇಷ್ಟು ಅಂತ."

ನಿಮ್ಮ ಮಗನ ಕೇಳಿ ನೋಡ್ರಿ ವೈನೀ, ಕಂಪ್ಯೂಟರ್ ಕಂಪನಿಯಾಗ ಅದಾನಲ್ಲ, ಅಂವ ಇನ್ಫೋಸಿಸ್ಸಿನ ಕತಿ ಹೇಳ್ತಾನ. ಅದು ಎಲ್ಲಾರೂ ಓದೋವಂಥಾ ಕತಿ ಐತಿ. 1990ರ ದಶಕದಾಗ ಕಂಪನಿ ದೌಡ ಬೆಳೀತು. ಒಂದು ಊರಿನ ತಂಡ ಬಿಡಿಸಿದ ಗಂಟನ್ನ ಇನ್ನೊಂದು ಊರಿನ ತಂಡ ಮತ್ತ ಮೊದಲಿಂದ ಬಿಡಿಸ್ಕೋತ ಕುಂಡ್ರೋದು ಬ್ಯಾಡಂತ, ಕಲಿತದ್ದನ್ನ ಬರದು ಒಂದು ಕಡೆ ಇಡ್ರಿ ಅಂತ ಒಂದು ವ್ಯವಸ್ಥೆ ಕಟ್ಟಿದ್ರು. ಕೆ-ಶಾಪ್ ಅಂತ ಹೆಸರು. ಮೊದಮೊದಲ ಬರದವ್ರು ಭಾಳ ಕಡಿಮಿ. ಆಗ ಅಂಕ ಕೊಡಾಕ ಶುರು ಮಾಡಿದ್ರು. ಬರದ್ರ ಇಷ್ಟು ಅಂಕ, ಬರದದ್ದನ್ನ ತಿದ್ದಿದ್ರ ಇಷ್ಟು, ಆ ಅಂಕ ಕೊಟ್ಟು ಸಾಮಾನು ಕೊಳ್ಳಬಹುದು. ಆಗ ನೋಡ್ರಿ, ಬರಹದ ರಾಶಿ ಬಿತ್ತು. ಆದ್ರ ಬೇಕಾದ್ದು ಆ ರಾಶಿಯಾಗ ಸಿಗೋದು ಕಠಿಣ ಆತು. ತಿದ್ದೋವ್ರಿಗೆ ಉಸರಾಡಾಕ ಪುರಸತ್ತಿಲ್ಲ. ಒಬ್ಬರ ಬರಹಕ್ಕ ಒಬ್ಬರು ಮ್ಯಾಲಿನ ಅಂಕ ಹಾಕಿಕೊಳ್ಳಾಕ ಹತ್ತಿದ್ರು. 2002ರಾಗ ಕಂಪನಿ ಆ ಪದ್ಧತಿ ಬದಲು ಮಾಡ್ತು. ಸಾಮಾನಿನ ಆಸೆ ಕಡಿಮಿ ಮಾಡಿ, ಆ ಬರಹ ಬ್ಯಾರೆಯವ್ರಿಗೆ ಎಷ್ಟು ಉಪಯೋಗ ಆತು ಅನ್ನೋದಕ್ಕ ತೂಕ ಕೊಟ್ಟಿತು. ಗರುಡ್ ಮತ್ತ ಕುಮಾರಸ್ವಾಮಿ ಅನ್ನೋ ಇಬ್ಬರು ವಿದ್ವಾಂಸರು 2005ರಾಗ ಇದನ್ನ ವಿವರಾಗಿ ಬರದಾರ. ಬಿದ್ದದ್ದನ್ನ ಕಂಪನಿ ಮುಚ್ಚಿಡದ ಅವ್ರಿಗೆ ತೋರಿಸ್ತು, ಅದು ದೊಡ್ಡ ಮಾತು.

ರೊಕ್ಕ ಕೊಡಬಾರದು ಅಂತ ನಾ ಹೇಳಾಕತ್ತಿಲ್ರಿ. ಪಗಾರನ ಸಾಲದಾಂವಗ ಮೊದಲ ಪಗಾರ ಕೊಡಬೇಕು, ಅದರ ಮಾತು ಬ್ಯಾರೆ. ಆದ್ರ ಒಂದು ಸಲ ಬರದದ್ದಕ್ಕ ಒಂದು ದುಡ್ಡು ಅಂತ ಅಳತಿ ಹಚ್ಚಿದ್ರ ಎಣಿಕಿ ಬೆಳೀತೈತಿ, ತಿರುಳು ಬೆಳಿಯೋದಿಲ್ಲ.

ಇದಕ್ಕ ಇನ್ನೊಂದು ದಾರಿ ಐತಿ, ಅದು ನಮ್ಮ ಹರಟಿ ಮಂದಿಗೆ ಸೇರೋವಂಥಾದ್ದು. ಜೆರಾಕ್ಸ್ ಮಷಿನ್ ಐತಲ್ರಿ, ಅದನ್ನ ಮಾಡೋ ಕಂಪನಿಯಾಗ ಜೂಲಿಯನ್ ಓರ್ ಅನ್ನಾಂವ ಮಷಿನ್ ರಿಪೇರಿಯವ್ರ ಬೆನ್ನ ಹತ್ತಿ ತಿರಗ್ಯಾಡಿದ. ಅವ್ರಿಗೆ ಕಂಪನಿ ದಪ್ಪ ದಪ್ಪ ಪುಸ್ತಕ ಕೊಟ್ಟಿತ್ತು, ಇಂಥಾ ದೋಷಕ್ಕ ಇಂಥಾ ಉಪಾಯ ಅಂತ. ಅಂವ ನೋಡಿದ್ರ, ಪುಸ್ತಕದಾಗ ಇಲ್ಲದ ದೋಷನ ಹೆಚ್ಚು. ಆಗ ಅವ್ರು ಏನು ಮಾಡ್ತಿದ್ರು? ಊಟಕ್ಕ, ಚಾಕ್ಕ ಕೂಡಿದಾಗ ಒಬ್ಬರಿಗೊಬ್ಬರು ಕತಿ ಹೇಳ್ತಿದ್ರು. "ಅವತ್ತ ಆ ಆಫೀಸಿನ ಮಷಿನ್ ಹಿಂಗ ಮಾಡ್ತಿತ್ತು, ನಾ ಇದನ್ನ ಬಿಚ್ಚಿದೆ, ಅಲ್ಲಿರಲಿಲ್ಲ, ಆಮ್ಯಾಲೆ ಇಲ್ಲಿ ಸಿಕ್ತು" ಅಂತ. ದೂರಿಂದ ನೋಡಿದ ಸಾಹೇಬರಿಗೆ ಅದು ಹೊತ್ತು ಕಳಿಯೋ ಮಾತು. ಓರ್ 1996ರಾಗ ಪುಸ್ತಕ ಬರದು ತೋರಿಸಿದ: ಆ ಮಾತಿನ್ಯಾಗನ ಕಂಪನಿಯ ವಿದ್ಯಾ ಇತ್ತು. ಆ ತಿರಗಾಟದಾಗ ಅಂವ ಕಂಡದ್ದರಿಂದ ಹುಟ್ಟಿದ್ದು ಯುರೇಕಾ ಅನ್ನೋ ವ್ಯವಸ್ಥೆ. ರಿಪೇರಿಯಾಂವ ತಾನು ಕಂಡ ಉಪಾಯ ನಾಕು ಸಾಲಿನ್ಯಾಗ ಕಳಸ್ತಾನ. ಅದ ಕೆಲಸ ಮಾಡೋ ಇನ್ನೊಬ್ಬ ಹಿರಿಯಾಂವ ಅದನ್ನ ಪರೀಕ್ಷಾ ಮಾಡಿ ಹೌದು ಅಂತಾನ. ಆಮ್ಯಾಲೆ ಅದು ಎಲ್ಲಾರಿಗೂ ಕಾಣ್ತೈತಿ, ಕೆಳಗ ಕೊಟ್ಟಾವನ ಹೆಸರು. ದೂರದ ಯಾವುದೋ ದೇಶದಾಗ ಗೊತ್ತಿಲ್ಲದ ಒಬ್ಬಾಂವ ಅದನ್ನ ಓದಿ ಮಷಿನ್ ಸುದ್ದ ಮಾಡ್ತಾನ, ಹೆಸರು ನೆನಪ ಇಡ್ತಾನ.

ಹೆಸರು, ವೈನೀ. ನಮ್ಮ ವಾಲ್‌ಮನ್‌ನ ಹೆಸರು ಈ ಓಣ್ಯಾಗ ಎಷ್ಟು ಮಂದಿಗೆ ಗೊತ್ತಿತ್ತು? ಎಲ್ಲಾರೂ "ಏ ವಾಲ್‌ಮನ್, ನೀರ ಬಿಡೋ" ಅಂತನ ಕೂಗ್ತಿದ್ರು. ಅಂಥಾ ಮನಷ್ಯಾಗ ಒಂದು ದಿನ ಬಂದು, ನಿನ್ನ ತಲ್ಯಾಗಿದ್ದದ್ದನ್ನ ಈ ಫಾರ್ಮಿನ್ಯಾಗ ತುಂಬಿ ಕೊಡು ಅಂದ್ರ ಅಂವ ಯಾಕ ಕೊಡ್ತಾನ? ಅವಗ ಗೊತ್ತಿರೋದ ಅವನ ನೌಕರಿಯ ಆಧಾರ. ಅದನ್ನ ಕೊಟ್ಟ ಮರುದಿನ ಹೋಗು ಅಂದ್ರ ಏನು ಗತಿ ಅಂತ ಅವಗ ಅನಸೋದು ಸಹಜ. ನಮ್ಮ ಊರಾಗ ಹೋಗು ಅಂದಿದ್ದೂ ಆತು.

"ನೀವು ಹೇಳೋದು ಖರೆ. ಆದ್ರ ಒಬ್ಬನ ಕೈಯಾಗ ಇರಬೇಕು ಅನ್ನೋದನ್ನೂ ನಾ ಒಪ್ಪೋದಿಲ್ಲ ಅಕ್ಕಾರ. ನಮ್ಮ ಮಾವಾರು ತಲಾಠಿ ಆಫೀಸಿಗೆ ಒಂದು ಉತಾರದ ಸಲುವಾಗಿ ಎಷ್ಟು ಸಲ ಅಡ್ಡಾಡ್ಯಾರ ಅನ್ನೋದು ನನಗ ಗೊತ್ತೈತಿ. ಇವತ್ತ ಬಾ, ನಾಳೆ ಬಾ, ದಪ್ತರ ಮನ್ಯಾಗ ಐತಿ. ಗೊತ್ತಿದ್ದಾಂವ ಗೊತ್ತಿಲ್ಲದಾವನ ಕುತಗಿ ಹಿಡಿತಾನ್ರಿ."

ಇದು ಬರೋಬರಿ ಮಾತು. ಇದನ್ನ ಬಿಟ್ಟು ಮಾತಾಡಿದ್ರ ನಾ ಅರ್ಧಾ ಅಷ್ಟ ಹೇಳಿದಂಗ ಆಗ್ತೈತಿ. ಮುಂಬೈ ಇಲಾಖೆ ಇದ್ದಾಗ ಊರಿನ ದಪ್ತರ ವಂಶಪರಂಪರೆಯ ಕುಲಕರ್ಣಿ ಮನ್ಯಾಗ ಬಟ್ಟಿ ಗಂಟಿನ್ಯಾಗ ಇರ್ತಿತ್ತು. 1950ರಾಗ ಕಾಯ್ದೆ ತಂದು ಕುಲಕರ್ಣಿ ವತನ ತಗದ್ರು, ಪಗಾರದ ತಲಾಠಿ ಬಂದ. ಗಂಟು ಮನಿಯಿಂದ ಚಾವಡಿಗೆ ಬಂತು, ಆದ್ರ ಬಿಚ್ಚೋ ಕೈ ಒಂದ ಉಳೀತು. ಆಮ್ಯಾಲೆ 2000ದ ಸುಮಾರ ನಮ್ಮ ರಾಜ್ಯದಾಗ ಭೂಮಿ ಯೋಜನೆ ಬಂತಲ್ರಿ, ದೇಶಾನ ಬಂದು ನೋಡಿ ಹೋತು. ಸುಮಾರು 2 ಕೋಟಿ ಉತಾರ, 67 ಲಕ್ಷ ರೈತರದ್ದು, ಕಂಪ್ಯೂಟರಿಗೆ ಏರಿಸಿದ್ರು. ಆಗ ತಾಲೂಕ ಕಚೇರಿಗೆ ಹೋಗಿ 15 ರೂಪಾಯಿ ಕೊಟ್ರ ಅಲ್ಲೇ ನಿಂತು ಉತಾರ ಕೈಯಾಗ ಬರ್ತಿತ್ತು. ಕೈಲೆ ಬರದ ಉತಾರಕ್ಕ ಬೆಲೆನ ಇಲ್ಲ ಅಂದ್ರು. ವಾರಸಾ ಅರ್ಜಿ ಬಂದ ಸಾಲಿನ್ಯಾಗನ ನೋಡಬೇಕು, ನಡುವ ಹಾರಿಸೋ ಹಂಗಿಲ್ಲ. ಯಾರು ಯಾವಾಗ ತಿದ್ದಿದ್ರು ಅನ್ನೋದು ಬೆರಳಚ್ಚಿನ ಸಮೇತ ಉಳೀತೈತಿ. ನಿಮ್ಮ ಮಾವಾರಂಥಾವ್ರ ಎಷ್ಟು ಹೆಜ್ಜಿ ಉಳಿದುವು ಹೇಳ್ರಿ. ಅದನ್ನ ಕಟ್ಟಿದ ಮಂದಿಗೆ ನಾವು ಋಣಿ ಇರಬೇಕು.

ಆದ್ರೂ ನೋಡ್ರಿ, ಉತಾರದ ಕಾಲಂ 9ರಾಗ ಮಾಲಕನ ಹೆಸರು, 11ರಾಗ ಬೋಜಾ, 12ರಾಗ ಬೆಳಿ. ಕಾಲಂ ಇದ್ದಷ್ಟು ಬಂತು. ಬಾವಿಗೆ ಹೋಗೋ ಹಾದಿ ಯಾರ ಹೊಲದಾಗ ಹಾದು ಹೋಗ್ತೈತಿ, ಯಾವ ಬಾಂದಿನ ಕಲ್ಲು ಯಾವ ಮಳಿಗೆ ಕೊಚ್ಚಿ ಹೋಗಿ ಎಲ್ಲಿ ಮತ್ತ ನೆಟ್ರು, ಅಣ್ಣ ತಮ್ಮಂದಿರು ಕಾಗದದಾಗ ಕೂಡಿದ್ರೂ ಖರೇವಂದ್ರ ಯಾರು ಎಲ್ಲಿ ಬಿತ್ತತಾರ, ಇವಕ್ಕೆಲ್ಲಾ ಕಾಲಂ ಇರಲಿಲ್ಲ. ಊರಿನ ಹಿರೇರಿಗೆ, ಹಳೇ ತಲಾಠಿಗೆ ಗೊತ್ತಿತ್ತು. ಅವ್ರು ಹೋದ ಮ್ಯಾಲೆ ಆ ಹಾದಿ ತಕರಾರು ಧಾರವಾಡ ಕೋರ್ಟಿಗೆ ಬರ್ತೈತಿ. ಕಂಪ್ಯೂಟರ್ ಕೇಳಿದ್ದನ್ನ ಇಟ್ಟುಕೊಳ್ತೈತಿ, ಏನು ಕೇಳಬೇಕು ಅನ್ನೋದನ್ನ ಗೊತ್ತಿದ್ದಾವರ ಕೂಡ ಕುಂತು ಮೊದಲ ನಿಶ್ಚಯ ಮಾಡಬೇಕು.

ಅಂದ್ರ ವೈನೀ, ನಿಮ್ಮ ಮಾತೂ ನನ್ನ ಮಾತೂ ಎರಡೂ ಬೇಕು. ಒಬ್ಬನ ಕೈಯಾಗ ಬೀಗ ಇರಬಾರದು. ಅವನ ಕೈ ಕಲಿತದ್ದು ಕಳೀಲೂಬಾರದು.

ಎರಡೂ ಕೂಡಿ ನಡಿಯೋ ಜಾಗ ನಮ್ಮ ಊರಾಗನ ಐತ್ರಿ, ಬೆಂಗೇರಿಯಾಗ. 1957ರಾಗ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, ಅಲ್ಲಿ ರಾಷ್ಟ್ರಧ್ವಜ ಹೊಲೀತಾರ. ಧ್ವಜ ಹೆಂಗಿರಬೇಕು ಅಂತ ಭಾರತೀಯ ಮಾನಕ ಬ್ಯೂರೋದ ಪುಸ್ತಕ ಐತಿ. ದಾರ ಎಷ್ಟು ದಪ್ಪ, ಬಣ್ಣ ಬಿಸಲಿಗೆ ಎಷ್ಟು ತಡೀಬೇಕು, ಚಕ್ರದ 24 ಅರ ಎರಡೂ ಮಗ್ಗಲಿಗೆ ಒಂದರ ಮ್ಯಾಲೊಂದು ಬರೋಬರಿ ಕೂಡಬೇಕು, ಒಂಬತ್ತು ಅಳತಿ, ಎಲ್ಲಾ ಬರದೈತಿ. ಆ ಪುಸ್ತಕ ನಿಮಗೂ ನನಗೂ ಕೊಟ್ರ ಧ್ವಜ ಹೊಲಿಯಾಕ ಬರ್ತೈತೇನು? ಅಲ್ಲಿ ಹೆಚ್ಚಿನವ್ರು ಹೆಣ್ಣಮಕ್ಕಳು. ಹೊಸದಾಗಿ ಬಂದಾಕಿ ಹಳಬರ ಮಗ್ಗಲದಾಗ ಕುಂತು ಕಲೀತಾಳ. ಪುಸ್ತಕ ತಪ್ಪು ಹಿಡೀತೈತಿ, ಹಳಬರು ತಪ್ಪಾಗದಂಗ ಕೈ ತಿದ್ದತಾರ. ಹಾಲು ಎಷ್ಟು ಚಲೋ ಇದ್ರೂ ಹಳೇ ಮಸರಿನ ಹೆಪ್ಪು ಬೇಕಲ್ರಿ, ಹಂಗ. ನೀರಿನ ಇಲಾಖೆಯಾಗ ಹಳಬರನ್ನೆಲ್ಲಾ ಒಂದ ದಿನ ಮನಿಗೆ ಕಳಿಸಿ ಹೊಸಬರನ್ನ ಒಂದ ದಿನ ತಗೊಂಡ್ರ ನಡುವ ಆ ಹೆಪ್ಪ ಹೋತು.

1991ರಾಗ ವಾಲ್ಶ್ ಮತ್ತ ಉಂಗ್ಸನ್ ಅನ್ನೋ ಇಬ್ಬರು ಬರದದ್ದನ್ನ ನಾ ನೌಕರಿಯಾಗಿದ್ದಾಗ ಓದಿದ್ದೆ. ಒಂದು ಸಂಸ್ಥೆಯ ನೆನಪು ಕಡತದಾಗ ಅಷ್ಟ ಇರೋದಿಲ್ಲ. ಮಂದಿಯ ತಲ್ಯಾಗ, ಅವರ ರೂಢಿಯಾಗ, ಕೆಲಸ ಹಂಚಿಕೊಂಡ ರೀತಿಯಾಗ, ಕುಂಡ್ರೋ ಜಾಗದಾಗ ಸುದ್ದ ಇರ್ತೈತಿ ಅಂತ. ಅವತ್ತ ಅದು ಪುಸ್ತಕದ ಮಾತು ಅನಿಸಿತ್ತು. ಚೇಂಬರಿನ ಹಂತ್ಯಾಕ ನಿಂತು ಆ ಮನಷ್ಯಾ ಚಾವಿಗೆ ಕಿವಿ ಹಚ್ಚಿದ್ದು ನೋಡಿದ ಮ್ಯಾಲೆ ನನಗ ಅದು ತಿಳೀತು.

ನಿಮ್ಮ ತಲ್ಯಾಗೂ ಐತಿ ವೈನೀ. ನೀರು ಬಂದ ಕೂಡ್ಲೇ ಮೊದಲಿನ ಕೊಡ ಗಿಡಕ್ಕ ಹಾಕ್ತೀರಿ, ಆಮ್ಯಾಲೆ ಕುಡಿಯಾಕ ಹಿಡಿತೀರಿ. ಯಾಕ?

"ಮೊದಲ ಬರೋದು ಕೆಂಪು ಇರ್ತೈತ್ರಿ, ಒಂಥರಾ ವಾಸನಿ. ಅತ್ತಿಯವ್ರು ಹೇಳಿದ್ದು, ನಳಾ ಬಂದ ಮ್ಯಾಲೆ ಸ್ವಲ್ಪ ಹೋಗಲಿ ಬಿಡು ಅಂತ."

ಅದನ್ನ ಕುಂಪೆಲ್ ಮತ್ತ ನೆಲ್ಸನ್ ಅನ್ನೋ ಇಬ್ಬರು ವಿಜ್ಞಾನಿ ಹೆಣ್ಣಮಕ್ಕಳು ನಮ್ಮ ಹುಬ್ಬಳ್ಳಿ-ಧಾರವಾಡದ ನಳದ ನೀರು ಹಿಡದು ಪರೀಕ್ಷಾ ಮಾಡಿ 2014ರಾಗ ಪ್ರಕಟ ಮಾಡ್ಯಾರ. ನೀರು ನಿಂತ ದಿನ ಪೈಪಿನ್ಯಾಗ ತಾಕತ್ತು ಇರೋದಿಲ್ಲ, ಸಂದಿಯಿಂದ ಹೊಲಸು ಒಳಗ ಬರ್ತೈತಿ, ಮತ್ತ ನೀರು ಬಿಟ್ಟಾಗ ಮೊದಲಿನ ನೀರಿನ ಕೂಡ ಅದು ಬರ್ತೈತಿ. ಅದಕ್ಕ ಮೊದಲಿನ ನೀರಿನ್ಯಾಗ ಕ್ರಿಮಿ ಹೆಚ್ಚು. ನಿಮ್ಮ ಅತ್ತಿಯವ್ರಿಗೆ ಗೊತ್ತಿದ್ದದ್ದು ಈಗ ಲೆಕ್ಕದ ಸಮೇತ ಐತಿ. ಆದ್ರ ಕೆಳಗಿನ ಹೊಸಾ ಲೇಔಟಿಗೆ ಬಾಡಗಿಗೆ ಬಂದ ಹುಡುಗೂರಿಗೆ ಅತ್ತಿಯವ್ರೂ ಇಲ್ಲ, ಆ ಲೇಖನನೂ ಸಿಕ್ಕಿಲ್ಲ. ಅವ್ರು ಮೊದಲಿನ ನೀರನ್ನ ಫಿಲ್ಟರಿಗೆ ಹಾಕ್ಕೋತಾರ.

"ಈಗ ಎಲ್ಲಾ ಕಡೆ 24 ತಾಸು ನೀರಿನ ಹೊಸಾ ಪೈಪು ಹಾಕಾಕತ್ತಾರಲ್ರಿ. ಅದು ಬಂದ ಮ್ಯಾಲೆ ಇದೆಲ್ಲಾ ಯಾಕ ಬೇಕು?"

ಬರಲಿ, ಬರಬೇಕು. ನಾ ಅದರ ದಾರಿ ಕಾಯಾಕತ್ತೀನಿ. ಆದ್ರ 82 ವಾರ್ಡಿಗೂ ಅದು ಮುಟ್ಟೋ ತನಕ ಹಳೇ ಪೈಪಿನ್ಯಾಗನ ನೀರು ಬರಬೇಕಲ್ಲ? ಹೊಸಾದು ಹಾಕಾಕ ರಸ್ತೆ ಅಗಿಯೋವಾಗ ಹಳೇದು ಎಲ್ಲೈತಿ ಅಂತ ಗೊತ್ತಿಲ್ಲದ ಜೆಸಿಬಿ ಹಚ್ಚಿ ಒಡೀತಾರ, ಎಲ್ಲಾರೂ ನೋಡೀವಿ. ಅಲ್ಲಿ ಹಳಬನ್ನ ಒಬ್ಬನ್ನ ನಿಲ್ಲಿಸಿಕೊಂಡಿದ್ರ, "ಇಲ್ಲಿ ಬ್ಯಾಡ್ರಿ, ಎರಡ ಮಾರು ಆ ಕಡೆ ಅಗೀರಿ" ಅಂತಿದ್ದ. ಹೊಸಾ ಪೈಪಿನ ನೆನಪನ್ನ ಇವತ್ತಿಂದನ ಬರದಿಡದಿದ್ರ ಇನ್ನ ಇಪ್ಪತ್ತು ವರ್ಷಕ್ಕ ಅದೂ ಒಬ್ಬನ ತಲ್ಯಾಗ ಹೋಗಿ ಕುಂಡ್ರತೈತಿ.

ಪಾಲಿಕೆ ಏನು ಮಾಡಬೇಕು ಅಂತ ನನ್ನ ಕೇಳಿದ್ರ ಹೇಳ್ತೀನಿ. ಒಂದೊಂದು ವಾಲ್ವಿಗೆ ಒಂದೊಂದು ಪುಟ. ಎಲ್ಲೈತಿ, ಯಾವ ಕಡೆ ತಿರಗತೈತಿ, ಎಷ್ಟು ಸುತ್ತು, ಕೆಳಗ ಯಾವ ಮನಿಗಳು. ಅದರ ಕೂಡ "ಯಾಕ" ಅಂತ ಒಂದು ಜಾಗ, ಅರ್ಧಾ ಯಾಕ ಬಿಡ್ತೀವಿ, ರಾತ್ರಿನ ಯಾಕ ಬಿಡ್ತೀವಿ. ಕಾರಣ ಬರೀದಿದ್ರ ಮುಂದಿನಾಂವ ಇದು ಹಳೇ ಕಾಲದ ಪದ್ಧತಿ ಅಂತ ಬಿಟ್ಟು ಬಿಡ್ತಾನ, ಇಲ್ಲಾ ಪೈಪು ಬದಲಾದ ಮ್ಯಾಲೂ ಹಂಗ ಮಾಡ್ಕೋತ ಕುಂಡ್ರತಾನ. ಹೇಳಿದಾವನ ಹೆಸರು ಕೆಳಗ. ಬರಿಯಾಕ ಬರದಿದ್ರ ಅವನ ಮಾತು ಹೇಳಿದಂಗ ರೆಕಾರ್ಡ್ ಮಾಡಲಿ, ಈಗ ಎಲ್ಲಾರ ಕಿಸೆದಾಗೂ ಫೋನ್ ಐತಿ. ಮತ್ತ ಆ ಪುಟ ಝೋನಲ್ ಆಫೀಸಿನ ಕಂಪ್ಯೂಟರಿನ್ಯಾಗ ಮಲಗಬಾರದು, ನೀರು ಬಿಡೋ ಹುಡುಗನ ಕೈಯಾಗ ಇರಬೇಕು, ತಪ್ಪು ಕಂಡ್ರ ಅಂವ ತಿದ್ದಬೇಕು. ಅಮೆರಿಕದಾಗ ಅಕರ್‌ಮನ್ ಅನ್ನಾಂವ 1990ರಾಗ ಇಂಥಾದ್ದೊಂದು ಕಂಪ್ಯೂಟರ್ ವ್ಯವಸ್ಥೆ ಮಾಡಿದ್ದ. ಪ್ರಶ್ನೆಗೆ ಉತ್ತರ ಒಳಗ ಸಿಗಲಿಲ್ಲಂದ್ರ ಆ ಪ್ರಶ್ನೆ ಸೀದಾ ಗೊತ್ತಿದ್ದಾವನ ಕಡೆ ಹೋಗೋದು, ಅಂವ ಕೊಟ್ಟ ಉತ್ತರ ಎಲ್ಲಾರ ಸಲುವಾಗಿ ಒಳಗ ಬಂದು ಕೂಡೋದು. ನಮ್ಮ ಹುಡುಗ ಚೇಂಬರಿನ ಮುಂದ ನಿಂತು "ಇದು ತಿರಗವಲ್ತು, ಏನ ಮಾಡ್ಲಿ?" ಅಂತ ಕೇಳಿದಾಗ ಹಳಬನ ಫೋನ್ ಗಂಟಿ ಬಾರಿಸ್ಬೇಕು. ಆ ಹಳಬಗ ಅದಕ್ಕ ಪಗಾರ ಇರಬೇಕು.

"ಪಾಲಿಕೆ ಯಾವಾಗ ಮಾಡ್ತೈತೋ ಏನೋ. ನಮ್ಮ ಓಣಿದರೆ ನಾವು ಬರಕೊಂಡ್ರ ಹೆಂಗ್ರಿ ಅಕ್ಕಾರ? ಆ ಹಳೇ ವಾಲ್‌ಮನ್ ಈಗ ಉಣಕಲ್ ಕಡೆ ಅದಾನಂತ, ಹಾಲಿನಾಂವ ಹೇಳ್ತಿದ್ದ."

ಹೌದೇನ್ರಿ? ಹಂಗಾರ ರವಿವಾರ ಹೋಗೂಣು. ಈಗಿನ ಹುಡುಗನ್ನೂ ಕರಕೊಂಡು ಹೋಗೂಣು, ಅವರವರ ಮಾತಾಡ್ಲಿ. ನಾ ನೋಟ್‌ಬುಕ್ ತರ್ತೀನಿ. ಮೂಲಿ ವಾಲ್ವ್, ಗುಡಿ ಹಿಂದಿಂದು, ಸಾಲಿ ಮುಂದಿನ ಡಾಂಬರಿನ ಕೆಳಗ ಹೂತು ಹೋಗೈತಲ್ಲ ಅದು, ಮೂರೂ ಕೇಳೂಣು. ಆಮ್ಯಾಲೆ ಒಂದು ನಕಲು ಝೋನಲ್ ಆಫೀಸಿಗೆ ಕೊಟ್ಟು, ಇಸಕೊಂಡೀವಿ ಅಂತ ಸಹಿ ತಗೊಳ್ಳೂಣು.

"ಮತ್ತ ಅವಗ ಏನರೆ ಕೊಡಬೇಕ್ರಿ. ಒಂದು ದಿನದ ಪಗಾರ ಎಷ್ಟಾಗ್ತೈತೋ ಅಷ್ಟು, ಓಣಿಯವ್ರೆಲ್ಲಾ ಕೂಡಿ. ಸುಮ್ನ ಚಾ ಕುಡಿಸಿ ಕೇಳಿಕೊಂಡು ಬರೋದಲ್ಲ."

ಖರೆ ವೈನೀ. ಮೊದಲ ಅದನ್ನ ಕೂಡಸೂಣು. ನನ್ನ ಪಾಲು ಈಗ ಇಸಕೊಳ್ರಿ, ಬರ್ತೀನಿ ತಡೀರಿ, ಒಳಗ ಹೋಗಿ ತರ್ತೀನಿ.